ಮೂರು ದಿನ ಕಾಣಿಸದ ಗಾಡಿಗಳು

"ಮೂರೇ ದಿನ ನಿಮ್ಮ ದರಿದ್ರ ಮುಖಾನ ಈ ರಸ್ತೆಗೆ ತೋರಿಸಬೇಡ್ರೋ. ಅದೊಂದು ಉಪಕಾರ ಮಾಡಿ, ಸಾಕು" ಅಂದ ವಾರ್ಡಿನ ಮೆಂಬರು, ಕಾರಿನ ಕಿಟಕಿಯಿಂದ ಮೊಣಕೈ ಹೊರಗೆ ಚಾಚಿಕೊಂಡು.

ಕೊಕ್ಕರೆ ಕೈಗಾಡಿಯ ಹಿಡಿ ಬಿಟ್ಟು ಕೈಮುಗಿಯುವ ಹಾಗಿರಲಿಲ್ಲ. ಮೇಲೆ ಹದಿನಾಲ್ಕು ಬಂಡಲು ಕಾಗದವಿತ್ತು. ಹಿಡಿ ಬಿಟ್ಟರೆ ಗಾಡಿ ಮೂತಿ ಎತ್ತಿ ಹಿಂದಕ್ಕೆ ಕೂತುಬಿಡುತ್ತಿತ್ತು. ಹಿಂದೆ ಹೆಂಡತಿ ಇದ್ದಳು. ಹಾಗಾಗಿ ತಲೆಯನ್ನೇ ಎರಡು ಸಲ ಆಡಿಸಿದ. ಉದ್ದ ಕಾಲು, ಉದ್ದ ಕತ್ತು ನೋಡಿ ಮಾರುಕಟ್ಟೆಯವರೇ ಅವನಿಗೆ ಇಟ್ಟ ಹೆಸರು ಕೊಕ್ಕರೆ. ಹೆಂಡತಿಗೆ ಹೆಸರಿಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಎಳೆಯುವವನು ಮುಂದಾಳು, ತಳ್ಳುವವಳು ಹಿಂದಾಳು. ಹನ್ನೊಂದು ವರ್ಷದಿಂದ ಅವಳು ಹಿಂದಾಳೇ.

"ಮೂರು ದಿನ ಏನಣ್ಣಾ ವಿಶೇಷ?" ಅಂತ ಹಿಂದಾಳು ಬಂಡಲುಗಳ ಪಕ್ಕದಿಂದ ಇಣುಕಿದಳು.

"ಹೊಸ ರಸ್ತೆ ಮಾಡಿಸ್ತಿದ್ದೀನಿ ತಂಗಿ. ನುಣ್ಣನೆ ಹಾಸುಗಲ್ಲು. ಗಾಡಿ ತಾನಾಗೇ ಜಾರ್ಕೊಂಡು ಹೋಗುತ್ತೆ, ನೀನು ಸುಮ್ಮನೆ ಕೈ ಬೀಸ್ಕೊಂಡು ಹಿಂದೆ ಬಂದ್ರಾಯ್ತು. ಅದಕ್ಕೆ ಮೇಲಿನವರು ನೋಡಕ್ಕೆ ಬರ್ತಾರೆ. ಅವರ ಕಣ್ಣಿಗೆ ಈ ಕೊಳಕು ಬೀಳಬಾರದು, ಅಷ್ಟೇ."

'ಕೊಳಕು' ಅಂದದ್ದು ಅವಳಿಗೆ ಕೇಳಿಸಲಿಲ್ಲ ಅಂತಲ್ಲ. ಅದಕ್ಕಿಂತ ಮೊದಲು 'ತಂಗಿ' ಕೇಳಿಸಿಬಿಟ್ಟಿತ್ತು.

ಆ ಬೀದಿಯ ತುಂಬ ಪ್ರಿಂಟಿಂಗ್ ಪ್ರೆಸ್ಸುಗಳು. ನಲವತ್ತು ಕೈಗಾಡಿಗಳು ಗೋದಾಮಿನಿಂದ ಕಾಗದ ತಂದು ಹಾಕಿ, ಮುದ್ರಿಸಿದ ಮಾಲು ವಾಪಸ್ಸು ಒಯ್ಯುತ್ತಿದ್ದವು. ಹಳೇ ರಸ್ತೆಯ ಗುಂಡಿಯೊಂದೊಂದೂ ಹಿಂದಾಳಿನ ಸೊಂಟಕ್ಕೆ ಪರಿಚಯ. ನುಣ್ಣನೆ ಕಲ್ಲು ಅಂದಮೇಲೆ ಅವಳು ಸುಮ್ಮನೆ ಕೂರುತ್ತಾಳೆಯೇ? ಮೂರು ದಿನವೂ ಬೆಳಗ್ಗೆ ಎದ್ದವಳೇ ಗೋದಾಮಿನ ಓಣಿಯ ಬಾಯಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಯಾವ ಗಾಡಿಯೂ ಬೀದಿಗೆ ಇಳಿಯಲು ಬಿಡಲಿಲ್ಲ. ಎರಡನೇ ದಿನ ಗಿಡ್ಡಜ್ಜ ಮೆಲ್ಲಗೆ ತನ್ನ ಗಾಡಿ ಹೊರಡಿಸಿದ್ದ.

"ಎಲ್ಲಿಗೆ ಹೊರಟೆ ಮುದುಕಪ್ಪ? ಅಣ್ಣ ಹೇಳಿದ್ದು ಕೇಳಿಸ್ಲಿಲ್ವಾ?"

"ನನಗೆ ಕೇಳಿಸ್ತು ಕಣವ್ವ. ಹೊಟ್ಟೆಗೆ ಕೇಳಿಸ್ಲಿಲ್ಲ."

"ಮೂರು ದಿನ ಅದಕ್ಕೂ ಬುದ್ಧಿ ಹೇಳು. ನಿನ್ನೊಬ್ಬನ ದೆಸೆಯಿಂದ ಎಲ್ಲರ ರಸ್ತೆ ತಪ್ಪಿಹೋಗಬೇಕಾ?"

"ನಿಮ್ಮಣ್ಣನ ಬಾಯಿಗೆ ನನ್ನ ಹಳೇ ಕೆರ ಹಾಕ" ಅಂತ ಗೊಣಗಿ ಗಿಡ್ಡಜ್ಜ ಗಾಡಿ ತಿರುಗಿಸಿದ.

ಬೀದಿಯ ಮೂಲೆಯಲ್ಲಿ ಕೊಡೆ ನೆಟ್ಟುಕೊಂಡು ಬೋಳುತಲೆಯವನೊಬ್ಬ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಹೋಗಿ ಬರುವ ವಾಹನ ನೋಡುವುದು, ಹಾಳೆಯ ಮೇಲೆ ಗೀಟು ಹಾಕುವುದು, ಅವನ ಕೆಲಸ ಅಷ್ಟೇ. ಮೇಲಿನವರು ಅಂದರೆ ಇವನೇ ಇರಬೇಕು ಅಂದುಕೊಂಡು ಹಿಂದಾಳು ಅವನಿಗೊಂದು ಚೊಂಬು ನೀರು ಕೊಟ್ಟಳು. ಹಾಳೆಯಲ್ಲಿ ಸಾಲಾಗಿ ಚಿತ್ರಗಳಿದ್ದವು: ಬಸ್ಸು, ಕಾರು, ಬೈಕು, ಸೈಕಲ್ಲು. ಕೊನೆಯದನ್ನು ನೋಡಿ ಅವಳಿಗೆ ನಗು ಬಂತು.

"ಅಯ್ಯೋ, ನಮ್ಮ ಗಾಡೀನೂ ಬರೆದಿದ್ದೀರಲ್ಲ ಸ್ವಾಮಿ."

"ಬರೆದೇನು ಬಂತು. ನಿನ್ನೆಯಿಂದ ಒಂದೂ ಬಂದಿಲ್ಲ ನೋಡಮ್ಮ."

"ಬರಲ್ಲ ಬಿಡಿ. ಎಲ್ಲರಿಗೂ ಹೇಳಿಟ್ಟಿದ್ದೀನಿ. ನಿಮಗೇನೂ ತೊಂದರೆ ಆಗಲ್ಲ."

ಅವನು ಚೊಂಬು ಕೆಳಗಿಟ್ಟು ಅವಳ ಮುಖವನ್ನೇ ನೋಡಿದ. "ಬಂದದ್ದನ್ನ ಮಾತ್ರ ಬರೀಬೇಕಮ್ಮ ನಾನು" ಅಂದ.

"ಹಂಗೇ ಮಾಡಿ ಮತ್ತೆ" ಅಂದಳು ಹಿಂದಾಳು, ಧಾರಾಳವಾಗಿ.

ರಸ್ತೆ ಆಯಿತು. ಮಾತು ಕೊಟ್ಟ ಹಾಗೇ ನುಣ್ಣಗಾಯಿತು. ಐದು ತಿಂಗಳು ಹಿಂಬದಿಯ ಗಲ್ಲಿಗಳಲ್ಲಿ ಸುತ್ತಿ ಬಳಸಿ ಮಾಲು ಹೊತ್ತ ಗಾಡಿಯವರು, ಅಗೆತ ಮುಗಿದ ದಿನ ಓಡಿ ಬಂದು ನೋಡಿದರೆ, ಬೀದಿಯ ಬಾಯಿಗೆ ಸಾಲಾಗಿ ಕಬ್ಬಿಣದ ಕಂಬ ನೆಟ್ಟಿದ್ದರು. ಪಕ್ಕದ ಬೋರ್ಡಿನಲ್ಲಿ ಕೈಗಾಡಿಯ ಚಿತ್ರ, ಅದರ ಮೇಲೊಂದು ಕೆಂಪು ಗೆರೆ.

ಮಾರನೇ ದಿನ ವಾರ್ಡ್ ಆಫೀಸಿನ ಮಹಡಿಯಲ್ಲಿ ಅಂಗಡಿಯವರ ಮೀಟಿಂಗ್ ಇತ್ತು. ಗಾಡಿಯವರು ಹತ್ತು ಹನ್ನೆರಡು ಜನ ಹತ್ತಿ ಹೋದರು. ಕೊಕ್ಕರೆ ಖಾಲಿ ಕುರ್ಚಿಯೊಂದರ ಬೆನ್ನು ಮುಟ್ಟಿದ್ದೇ ತಡ, ಮೆಂಬರು, "ಬೆವರು ಮೆತ್ಕೊಳುತ್ತೆ ಕಣೋ, ಗೋಡೆ ಪಕ್ಕ ನಿಂತ್ಕೋ" ಅಂದ. ಗೋಡೆಗೂ ತಾಗದ ಹಾಗೆ ನಿಂತರು.

ರಸ್ತೆ ಕೆಲಸದ ಇಂಜಿನಿಯರಮ್ಮ ಒಳ್ಳೆಯವಳೇ. ನಕ್ಷೆ ಬಿಡಿಸಿ ಇವರ ಕಡೆ ತಿರುಗಿಸಿ ಹಿಡಿದಳು.

"ಕೈಗಾಡಿಗೆ ಒಂದು ದಾರಿ ಬಿಡೋಣ ಅಂತ ನಾನೇ ಕೇಳಿದ್ದೆ. ಆದ್ರೆ ಎಣಿಕೇಲಿ ಒಂದೂ ಇಲ್ವಲ್ಲ. ಮೂರು ದಿನವೂ ಸೊನ್ನೆ. ಇಲ್ಲದ ಗಾಡಿಗೆ ದಾರಿ ಹೇಗೆ ಬಿಡಲಿ ಹೇಳಿ?"

"ಇಲ್ಲದೆ ಏನಮ್ಮ, ನಲವತ್ತಿವೆ" ಅಂದ ಕೊಕ್ಕರೆ.

"ಇದ್ರೆ ಆ ಮೂರು ದಿನ ಎಲ್ಲಿದ್ವು?"

ಹಿಂದಾಳು ಮೆಂಬರಿನ ಕಡೆ ತಿರುಗಿದಳು. "ನೀವೇ ಬರಬೇಡಿ ಅಂದಿದ್ರಲ್ಲಣ್ಣಾ."

"ಯಾರೇ ನಿನಗೆ ಅಣ್ಣ?" ಅಂದ ಮೆಂಬರು, ದನಿ ಏರಿಸದೆ. "ದೊಡ್ಡೋರು ಬರ್ತಾರೆ, ಅಚ್ಚುಕಟ್ಟಾಗಿರಿ ಅಂದಿದ್ದೆ. ಬರಬೇಡಿ ಅಂತ ಬರೆದುಕೊಟ್ಟಿದ್ನಾ? ಓಣಿಗೆ ಬಂದು ನಿಮ್ಮನ್ನ ತಡೆದ್ನಾ? ಪೊಲೀಸ್ನೋರು ತಡೆದ್ರಾ? ಹೇಳ್ರೋ, ಇಷ್ಟು ಜನ ಇದ್ದೀರಲ್ಲ. ಗಾಡಿ ತಡೆದದ್ದು ಯಾರು?"

ಗಿಡ್ಡಜ್ಜ ಹಿಂದಾಳನ್ನು ನೋಡಿದ, ಆಮೇಲೆ ತನ್ನ ಕಾಲ ಹೆಬ್ಬೆರಳು ನೋಡಿಕೊಂಡ. ಇಂಜಿನಿಯರಮ್ಮ ಪೆನ್ನು ಹಿಡಿದು ಕಾಯುತ್ತಿದ್ದಳು.

"ನಾನೇ ತಡೆದೆ" ಅಂದಳು ಹಿಂದಾಳು.

ಮುಂದಿನ ಸಾಲಿನ ಅಂಗಡಿಯವನೊಬ್ಬ ಕಿಸಕ್ಕನೆ ನಕ್ಕ. ಆಮೇಲೆ ಇಡೀ ಕೋಣೆ ನಕ್ಕಿತು.

"ನೋಡಿ ಮೇಡಂ, ಒಪ್ಕೊಂಡ್ಲು" ಅಂದ ಮೆಂಬರು. "ಒಂದೂ ಗಾಡಿ ಇಲ್ದೆ ಮೂರು ದಿನ ಬೀದಿ ನಡೀತು. ಯಾವ ಪ್ರೆಸ್ಸಾದ್ರೂ ಬಾಗಿಲು ಹಾಕಿತಾ? ಬೆಳಗ್ಗೆ ಎರಡು ಗಂಟೆ ಹೊತ್ತು ಕಂಬ ತೆಗೆದು ವ್ಯಾನ್ ಬಿಡೋದು ಅಂತ ಆಗಿದೆ. ಮಾಲು ಸಾಗಿಸಕ್ಕೆ ಅಷ್ಟು ಧಾರಾಳ ಸಾಕು."

"ವ್ಯಾನೆಲ್ಲ ಇವನ ಭಾಮೈದಂದು" ಅಂತ ಗಿಡ್ಡಜ್ಜ ಹಿಂದಾಳಿನ ಕಿವಿಯಲ್ಲಿ ಉಸುರಿದ. "ಆರೂ ಹೊಚ್ಚ ಹೊಸವು. ಬೋಳಿಮಗ, ರಸ್ತೆ ಅಗೆಯೋಕೆ ಮುಂಚೇನೇ ತರಿಸಿ ನಿಲ್ಲಿಸಿದ್ದ."

"ಏನದು ಮುದುಕಾ, ಗುಸುಗುಸು?"

"ಏನಿಲ್ಲ ಬುದ್ಧಿ. ಕೆಮ್ಮು."

ಮೆಂಬರು ಕೊಕ್ಕರೆಯ ಕಡೆ ನೋಡಿದ. "ನಾನೇನು ಕಲ್ಲುಮನಸ್ಸಿನವನಲ್ಲ. ಹೊಸ ಕಲ್ಲು ದಿನಾ ಗುಡಿಸಿ ತೊಳೀಬೇಕು, ಗಂಡ ಹೆಂಡತಿ ಇಬ್ಬರೂ ಬನ್ನಿ. ಉಳಿದೋರದ್ದು ಆಮೇಲೆ ನೋಡೋಣ." ಉಳಿದವರೆಲ್ಲ ಒಟ್ಟಿಗೆ ಕೊಕ್ಕರೆಯನ್ನು ನೋಡಿದರು. ಒಂದು ಗಳಿಗೆಯ ಹಿಂದೆ ಅವನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವನು ಅರ್ಧ ಹೆಜ್ಜೆ ಆಚೆ ಸರಿದ. ಇಂಜಿನಿಯರಮ್ಮ ನಕ್ಷೆ ಸುತ್ತಿದಳು.

ಕೆಳಗೆ ಗಾಡಿ ತುಂಬಿ ನಿಂತಿತ್ತು. ಬೀದಿಯ ನಡುವಿನ ಪ್ರೆಸ್ಸಿಗೆ ಮುಟ್ಟಿಸಬೇಕಾದ ಮಾಲು. ಕಂಬದ ಈಚೆಯೇ ಇಳಿಸಿ ಹೋಗಿ, ನಾಳೆಯಿಂದ ಬರಬೇಡಿ ಅಂತ ಪ್ರೆಸ್ಸಿನವನು ಬೆಳಗ್ಗೆಯೇ ಹೇಳಿ ಕಳಿಸಿದ್ದ. ಕೊಕ್ಕರೆ ಹಿಡಿ ಎತ್ತಿದ. ಗಾಡಿ ಕಂಬದ ಈಚೆಗೂ ಒಂದಿಷ್ಟು ದೂರ ಹಾಸಿದ್ದ ಹೊಸ ಕಲ್ಲಿಗೆ ಹತ್ತಿತು. ಎಷ್ಟು ಹಗುರ ಅಂತೀರಿ, ಹಿಂದಾಳಿನ ಅಂಗೈಗೆ ಭಾರವೇ ಗೊತ್ತಾಗಲಿಲ್ಲ.

"ಗುಡಿಸೋ ಕೆಲಸ ಒಪ್ಕೊಂಡ್ಬಿಡೋಣ ಕಣೆ" ಅಂದ ಕೊಕ್ಕರೆ, ಹಿಂದೆ ನೋಡದೆ. "ಅದೂ ತಪ್ಪಿದ್ರೆ ಮಣ್ಣು ತಿನ್ನೋಣವಾ?"

ಅವಳು ಒಂದು ಕೈಯಲ್ಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿಲ್ಸು, ಕಂಬ ಬಂತು. ಇಲ್ಲೇ ಇಳಿಸೋದು."

"ನೀನು ಪಕ್ಕಕ್ಕೆ ಹೋಗು."

"ಲೇ, ಹಿಡಿಸಲ್ಲ ಕಣೆ. ಒಂದು ಗೇಣು ಕಮ್ಮಿ ಇದೆ. ಬೇಕು ಅಂತಾನೇ ಅಳತೆ ಇಟ್ಟಿದ್ದಾರೆ."

"ಪಕ್ಕಕ್ಕೆ ಹೋಗು ಅಂದೆ."

ಕೊಕ್ಕರೆ ಹಿಡಿ ಬಿಟ್ಟು ಹಾರಿದ. ಹಿಂದಾಳು ತಲೆ ತಗ್ಗಿಸಿ, ಹಿಂದಕ್ಕೆ ವಾಲಿದ ಬಂಡಲುಗಳಿಗೆ ಹೆಗಲು ಕೊಟ್ಟು ನುಗ್ಗಿಸಿದಳು. ಎರಡೂ ಗಾಲಿಯ ನಡುವಿನ ಗುಂಬ ಎರಡು ಕಂಬಕ್ಕೆ ಒಟ್ಟಿಗೆ ಬಡಿದು, ಅಚ್ಚು ಲಟಕ್ಕನೆ ಮುರಿಯಿತು. ಕಾಗದ ಕುಸಿದು ಕಲ್ಲಿನ ಮೇಲೆ ಚೆಲ್ಲಿತು. ಬೀದಿಯಲ್ಲಿ ಅಡ್ಡಾಡಲು ಬಂದವರು ಬಟ್ಟೆ ಎತ್ತಿ ಹಿಡಿದು ಬಿಳಿ ಹಾಳೆಗಳನ್ನು ದಾಟಿಕೊಂಡು ಮುಂದೆ ಹೋದರು. ಗಾಡಿ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅವಳು ಮಾತ್ರ ಇನ್ನೂ ತಳ್ಳುತ್ತಲೇ ಇದ್ದಳು.