ಮಂಡಕ್ಕಿ ಭಟ್ಟಿಯ ಹೆಬ್ಬಾವು

ಎಪ್ಪತ್ತೊಂಬತ್ತರ ಸುಗ್ಗಿ. ಹೊಸ ಭತ್ತ ಬಂದಿತ್ತು. ಹೊನ್ನಾಳಿಯ ಹೊಳೆ ಕಡೆಯಿಂದ ಬೆಳಗಿನ ಚಳಿ ಬೀಸುತ್ತಿದ್ದರೂ ಗನಿಸಾಬನ ಮಂಡಕ್ಕಿ ಭಟ್ಟಿಯೊಳಗೆ ಬೆವರು ಇಳಿಯುತ್ತಿತ್ತು. ಅವನು ಒಲೆಯ ಬಾಯಿಗೆ ಭತ್ತದ ಹೊಟ್ಟು ಸುರಿಯುತ್ತಿದ್ದ. ಹೆಂಡತಿ ರಹಮತ್‌ಬೀ ಕಾದ ಮರಳಿಗೆ ಉಪ್ಪು ಹಿಡಿದ ಅಕ್ಕಿ ಎಸೆದು, ಕಡ್ಡಿಪೊರಕೆಯಿಂದ ತಿರುವಿ, ಅರಳಿದ್ದೇ ತಡ ಜರಡಿಗೆ ಎಳೆಯುತ್ತಿದ್ದಳು. ಹೊಗೆಗಂಡಿ ಒಂದೇ. ಅರ್ಧ ಹೊಗೆ ಅದರಲ್ಲಿ ಹೋದರೆ ಇನ್ನರ್ಧ ಒಳಗೇ ಸುತ್ತುತ್ತಿತ್ತು.

ಮೂಲೆಯ ಚೀಲಗಳ ಸಂದಿಯಲ್ಲಿ ಹೆಬ್ಬಾವಿನ ಮರಿ ಮಲಗಿತ್ತು. ಕಬ್ಬು ಕಡಿಯುವಾಗ ಸಿಕ್ಕಿದ್ದನ್ನು ಆಳುಗಳು ಹೊಡೆಯಹೊರಟಾಗ ಗನಿಸಾಬ ಕೇಳಿ ತಂದಿದ್ದ. ಅದು ಬಂದಮೇಲೆ ಚೀಲ ಕೊರೆಯುವ ಇಲಿಗಳು ಕಡಿಮೆಯಾದವು. ಜನ ಮಂಡಕ್ಕಿಯ ನೆವದಲ್ಲಿ ಬಂದು ಅದನ್ನು ನೋಡಿಹೋಗುತ್ತಿದ್ದರು. ಅವನಿಗೆ ಅದೊಂದು ಹೆಮ್ಮೆ.

"ಗನಿಸಾಬ್ರೇ, ನಿಮ್ಮ ಹಾವು ಗೊರಕೆ ಹೊಡಿತೈತಲ್ರೀ!" ಸಂತೆಗೆ ಮಂಡಕ್ಕಿ ಒಯ್ಯುವ ವ್ಯಾಪಾರಿ ಮಹೇಶ್ವರಪ್ಪ ನಕ್ಕ. "ದುಡಿಯೋರು ನೀವು, ಮಲಗೋ ಯಜಮಾನ ಅದು."

"ಹೊಟ್ಟೆ ತುಂಬ ಇಲಿ ನುಂಗೈತೆ, ಬಿಡ್ರಿ."

"ನುಂಗಿಲ್ಲ," ರಹಮತ್‌ಬೀ ಮರಳಿನಿಂದ ಕಣ್ಣೆತ್ತದೆ ಅಂದಳು. "ಇಲಿ ಮುಂದೆ ಹಾದ್ರೂ ಸುಮ್ನಿರ್ತೈತೆ. ತಲೆ ಮೇಲೆತ್ತಿ ಬಾಯಿ ತೆರ್ಕೊಂಡಿರ್ತೈತೆ. ಬಾಯಂಚಿಗೆ ನೊರೆ ನೋಡ್ರಿ. ಅದಕ್ಕೆ ಉಸಿರು ಸಾಲ್ತಿಲ್ಲ."

ಗನಿಸಾಬ ಬಗ್ಗಿ ನೋಡಿದ. ಹೌದು. ತಕ್ಷಣ ಒಲೆ ಆರಿಸಿದ. ಮಹೇಶ್ವರಪ್ಪನಿಗೆ ಸಂಜೆ ಬರಲು ಹೇಳಿ, ಹಾವನ್ನು ಬುಟ್ಟಿಗೆ ಹಾಕಿ, ಬುಟ್ಟಿ ಹಿಡಿದ ಹೆಂಡತಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ದನದ ಆಸ್ಪತ್ರೆಗೆ ಹೊರಟ. ಏರು ಬಂದಲ್ಲಿ ಸೈಕಲ್ಲು ಇಬ್ಬರನ್ನು ಎಳೆಯಲಿಲ್ಲ. ಅವಳು ಬುಟ್ಟಿ ಹೊತ್ತು ನಡೆದು ಬಂದಳು.

ಡಾಕ್ಟರು ತಿಪ್ಪೇರುದ್ರಸ್ವಾಮಿ ಇನ್ನೂ ಹುಡುಗುಮುಖದವರು. ಬುಟ್ಟಿಗೆ ಕಿವಿಗೊಟ್ಟು, "ಸ್ವಲ್ಪ ಸುಮ್ಮನಿರ್ರಿ," ಅಂದರು.

ಕುಲುಮೆಯ ತೂತುಬಿದ್ದ ತಿದಿಯಂಥ ಸದ್ದು ಕೇಳಿಸಿತು. ಎಳೆಯುವಾಗ ಸುಂಯ್, ಬಿಡುವಾಗ ಗೊರ್.

"ಅಬ್ಬಾ, ಎದೆ ತುಂಬ ಕಫ ಕಟ್ಟೈತಲ್ರೀ ಇದಕ್ಕೆ!"

"ಸಾರ್," ಗೋಡೆಗೊರಗಿ ನಿಂತಿದ್ದ ರಹಮತ್‌ಬೀ ಸೆರಗು ಬಾಯಿಂದ ತೆಗೆದಳು. "ಅದು ನಂದು. ಹಾವಿಂದು ಇಷ್ಟಿಲ್ಲ."

ಹೊರಗೆ ಎಮ್ಮೆ ಹಿಡಿದು ನಿಂತವನೊಬ್ಬ ಕಿಸಕ್ಕನೆ ನಕ್ಕು, ಆಮೇಲೆ ಬೇರೆ ಕಡೆ ನೋಡಿದ. ಡಾಕ್ಟರು ಅಷ್ಟಕ್ಕೇ ಬಿಡಲಾಗದೆ ಕೇಳಿದರು. "ಎಷ್ಟು ದಿನದಿಂದ, ತಾಯಿ?"

"ದಿನದ ಲೆಕ್ಕ ಎಲ್ಲೈತ್ರೀ? ಸಣ್ಣ ಮಗಳು ಹುಟ್ಟಿದ ವರ್ಷ ಶುರುವಾತು. ಆಕೆ ಲಗ್ನ ಆಗಿ ಜಗಳೂರಿಗೆ ಹೋದ್ಲು."

"ಯಾರಿಗೆ ತೋರಿಸ್ತಿದ್ದೀರಿ?" ಡಾಕ್ಟರು ಈಗ ಗನಿಸಾಬನ ಕಡೆ ತಿರುಗಿದ್ದರು.

ಗನಿಸಾಬ ಬುಟ್ಟಿಯ ಹಗ್ಗ ಬಿಗಿದ, ಬಿಚ್ಚಿದ, ಮತ್ತೆ ಬಿಗಿದ. ಸುಗ್ಗಿ ಮುಗಿದ ಮೇಲೆ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತೇನೆಂದು ಪ್ರತಿ ವರ್ಷ ಮಾತು ಕೊಟ್ಟಿದ್ದ. ಒಲೆ ಆರಿಸುವ ಹಾಗಿಲ್ಲ ಎಂದು ಪ್ರತಿ ವರ್ಷ ಹೇಳಿದ್ದ. ಈ ದಿನ ಹಾವಿಗಾಗಿ ಒಲೆ ಆರಿಸಿ ಬಂದಿದ್ದ.

"ಅವ್ರು ಕರೀತಾನೇ ಇರ್ತಾರೆ ಸಾರ್," ರಹಮತ್‌ಬೀ ಅಂದಳು. "ನಾನೇ ಒಲ್ಲೆ ಅಂತೀನಿ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಸುಳ್ಳು ಅವನ ತಲೆ ತಗ್ಗಿಸಿತು.

ಡಾಕ್ಟರು ಹಾವಿಗೆ ಸೂಜಿ ಹಾಕಿದರು. "ಹೊಗೆ, ಧೂಳಿನಾಗೆ ಇನ್ನೊಂದು ದಿನಾನೂ ಇಡಬ್ಯಾಡ್ರಿ. ಬೆಚ್ಚಗೆ, ಗಾಳಿ ಆಡೋ ಕಡೆ ಇಡ್ರಿ. ವಾಸಿಯಾದ್ಮೇಲೆ ಅರಣ್ಯದೋರಿಗೆ ಒಪ್ಪಿಸ್ರಿ, ಇದನ್ನ ಸಾಕಂಗಿಲ್ಲ." ರಹಮತ್‌ಬೀ ಕಡೆ ನೋಡಿ, "ನಾನು ದನದ ಡಾಕ್ಟ್ರು. ಆದ್ರೂ ಹೇಳ್ತೀನಿ, ಈ ಮಾತು ಹಾವಿಗಷ್ಟೇ ಅಲ್ಲ," ಅಂದರು.

ಮನೆಗೆ ಬಂದು ಗನಿಸಾಬ ಪಡಸಾಲೆಯ ಕಿಟಕಿ ಪಕ್ಕ ಮರದ ಪೆಟ್ಟಿಗೆ ಇಟ್ಟು, ಕೌದಿ ಹಾಸಿ ಹಾವನ್ನು ಮಲಗಿಸಿದ.

"ನಾಳೆ ಬೆಳಿಗ್ಗೆ ಶಿವಮೊಗ್ಗದ ಬಸ್ಸು ಹತ್ತೋಣ. ಇವತ್ತು ನೀನು ಇಲ್ಲೇ ಕುಂತಿರು. ಮರಳಿನ ಹತ್ರ ನಾನು ಕುಂದರ್ತೀನಿ."

"ನಿಮಗೆ ಬರ್ತೈತಾ?" ಅವಳು ನಕ್ಕಳು. ನಗು ಕೆಮ್ಮಾಯಿತು.

ಬರಲಿಲ್ಲ. ಮೊದಲ ಸಲದ ಅಕ್ಕಿ ಸೀದುಹೋಯಿತು. ಎರಡನೆಯದು ಅರಳಲೇ ಇಲ್ಲ. ಹೊಗೆಗೆ ಕಣ್ಣು ಬಿಡಲಾಗದೆ, ಎದೆ ಕಟ್ಟಿ, ಅವನು ಎರಡು ಸಲ ಹೊರಗೆ ಓಡಿಬಂದ. ಅವಳು ಇಷ್ಟು ವರ್ಷ ಒಮ್ಮೆಯೂ ಹಾಗೆ ಓಡಿದ್ದನ್ನು ಅವನು ಕಂಡಿರಲಿಲ್ಲ.

ಸಂಜೆ ಮಹೇಶ್ವರಪ್ಪ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿ ಉಗುಳಿದ. "ಏನ್ರೀ ಸಾಬ್ರೇ, ಇದ್ದಿಲು ಮಾರ್ತೀರಾ? ನಾಳೆ ನ್ಯಾಮತಿ ಸಂತೆ. ಇದನ್ನ ಎತ್ತೂ ಮೂಸಂಗಿಲ್ಲ. ಅಮ್ಮ ಎಲ್ರೀ?"

ಗನಿಸಾಬ ಉತ್ತರಿಸುವ ಮುಂಚೆ ರಹಮತ್‌ಬೀ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಿದ್ದಳು.

"ಏಳ್ರಿ, ಅಕ್ಕಿ ಹಾಳು ಮಾಡಬ್ಯಾಡ್ರಿ. ಬಸ್ಸು ದಿನಾ ಇರ್ತೈತೆ."

ಬೇಡ ಅನ್ನಬೇಕಿತ್ತು. ಮಹೇಶ್ವರಪ್ಪ ಖಾಲಿ ಚೀಲ ಹಿಡಿದು ಕಾಯುತ್ತಿದ್ದ. ಗನಿಸಾಬ ಎದ್ದ. ಪೊರಕೆಯನ್ನು ಅವಳ ಕೈಗೆ ಕೊಟ್ಟ, ಮುಖ ನೋಡಲಿಲ್ಲ.