ಹದಿನೇಳನೇ ಸುತ್ತು

ಟಕ್, ಅಗೋ ಮತ್ತೆ ಟಕ್ — ಶಹಾಪುರದಿಂದ ಸುರಪುರದ ತನಕ ಗಾಡಿಯ ಬೇನೆಯನ್ನು ಬರೀ ಕಿವಿಯಿಂದ ಹಿಡಿಯುವವಳು ತಾನೊಬ್ಬಳೇ, ಮಸ್ತಾನಸಾಬನ ತಗಡಿನ ಶೆಡ್ಡಿನಲ್ಲಿ ಅಂಬಾಸಿಡರಿನ ಸ್ಟೇರಿಂಗ್ ಹಿಡಿದು ಅತ್ತಿತ್ತ ಅಲ್ಲಾಡಿಸುತ್ತ ಶಿವಬಸಮ್ಮ ಅಂದುಕೊಂಡಳು, ಆಯಿತು, ಇದರಲ್ಲಿ ಅರ್ಧ ಸುಳ್ಳು, ಕಿವಿ ತನ್ನದು, ವಿದ್ಯೆ ಸೂಗಪ್ಪನದು, ಗಂಡ ಹೋಗಿ ಮೂರು ವರ್ಷವಾದರೂ ಅವನ ಗಾಡಿ ಮಾತಾಡುತ್ತದೆ, ಮನೆಯಲ್ಲಿ ಮಾತಿಗೆ ಒಂದು ಹಲ್ಲಿಯೂ ಇಲ್ಲ, ಇದ್ದೊಂದು ತನ್ನ ಮಾತು ಕೇಳಿ ಕೇಳಿ ಸಾಕಾಗಿ ಹತ್ತಿಕುಣಿ ಊರಿಗೆ ನಡೆದುಬಿಟ್ಟಿರಬೇಕು. ಗಾಡಿಯ ಕೆಳಗೆ ಮಲಗಿದ ಮಸ್ತಾನಸಾಬನ ಬೆರಳು ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಸರಳಿನ ತುದಿಯ ಮೇಲಿದೆ, ಮೇಲೆ ಇವಳು ಅಲ್ಲಾಡಿಸಿದರೆ ಕೆಳಗೆ ಅವನಿಗೆ ಸಡಿಲು ಗೊತ್ತಾಗುತ್ತದೆ, ಸ್ಟೇರಿಂಗ್ ಒಂದು ಗೇಣು ತಿರುಗಿದರೂ ಗಾಲಿಗೆ ಸುದ್ದಿ ಮುಟ್ಟುವುದಿಲ್ಲ, ಇಂಥದರಲ್ಲೇ ಈಗ ಇದನ್ನು ಬಾಡಿಗೆಗೆ ಓಡಿಸುವ ಡ್ರೈವರ್ ಪಂಪಣ್ಣ ಸಸಿ ಹಚ್ಚುವ ಇಪ್ಪತ್ತು ಹೆಣ್ಣುಮಕ್ಕಳನ್ನು — ಎಂಟು ಅನ್ನೋಣ — ತುಂಬಿಕೊಂಡು ಕಾಲುವೆಯ ದಂಡೆಯ ಮೇಲೆ ಹೋಗುತ್ತಾನೆ, ಒಂದು ಮಗ್ಗುಲು ಗದ್ದೆ, ಇನ್ನೊಂದು ಮಗ್ಗುಲು ಹತ್ತಾಳು ನೀರು, ಹತ್ತಲ್ಲ, ಎರಡಾಳು, ಮುಳುಗುವುದಕ್ಕೆ ಅಷ್ಟೇ ಸಾಕು. ರಬ್ಬರ್ ಹರದದ ಅವ್ವ, ರಾಡಿ ಹೊಕ್ಕು ಒಳಗಿನ ಗುಂಡು ತಿಂದದ, ಸರಳಿನ ತುದಿಯ ಈ ಹಳೇ ಬಾಲ್‌ಜಾಯಿಂಟ್ ಎಷ್ಟು ಸುತ್ತು ತಿರುಗಿಸಿದ್ರ ಹೊರಗ ಬರ್ತದ ಎಣಸ್ರಿ, ಹೊಸಾದು ಅಷ್ಟ ಸುತ್ತು ಒಳಗ ಹೋಗಬೇಕು, ಇಲ್ಲಂದ್ರ ಗಾಲಿ ಅಡ್ಡ ನೋಡ್ತಾವ, ಎಂದ ಮಸ್ತಾನಸಾಬ.

ಸುತ್ತಿಗೊಮ್ಮೆ ಕೆಳಗಿನಿಂದ ಅವನ ಹೂಂ, ಸುತ್ತಿಗೊಂದು ಇವಳ ಬೆರಳ ಗೆಣ್ಣು, ಐದು, ಆರು, ಕಾಲುವೆ ತೋಡುವಾಗ ಇದೇ ಗಾಡಿಯಲ್ಲಿ ಇಂಜಿನಿಯರರನ್ನು ಹೊತ್ತು ತಂದು ಸೂಗಪ್ಪ ಅಂಗಳದಲ್ಲಿ ಹೀಗೇ ಕೆಳಗೆ ಮಲಗುತ್ತಿದ್ದ, ಎಣಿಸುವವಳು ಇವಳೇ, ಒಂಬತ್ತು, ಒಮ್ಮೆ ಬಾಯಿಯ ಚಟಕ್ಕೆ ಮೂರು ಸುತ್ತು ಹೆಚ್ಚಿಗೆ ಹೇಳಿದಳು, ಗಾಡಿ ಏಡಿಯ ಹಾಗೆ ಅಡ್ಡ ನಡೆಯಿತು, ಅವನು ಬೈಯಲಿಲ್ಲ, ದಾರದ ಉಂಡೆ ತಂದ, ಹನ್ನೆರಡು, ಎಣಿಕೆ ಕೆಟ್ಟರೆ ದಾರವೇ ಗತಿ, ಮುಂದಿನ ಎರಡು ಗಾಲಿಗಳ ನಡುವಿನ ಅಂತರವನ್ನು ಮುಂದುಗಡೆ ಒಮ್ಮೆ ಹಿಂದುಗಡೆ ಒಮ್ಮೆ ಅಳೆಯಬೇಕು, ಎರಡೂ ಹೊಂದುವ ತನಕ ಮತ್ತೆ ಮತ್ತೆ, ಒಬ್ಬರಿಂದ ಆಗುವ ಕೆಲಸವಲ್ಲ, ಒಂದು ತುದಿ ಅವನು, ಒಂದು ತುದಿ ಇವಳು, ಜಗ್ಗಿ ಹಿಡಿಯೇ ಹುಡುಗಿ ಅನ್ನುತ್ತಿದ್ದ, ಐವತ್ತು ದಾಟಿದ ಮೇಲೂ ಹುಡುಗಿ ಅಂತೆ, ಹದಿನೈದು, ಹದಿನಾರು, ಹದಿನೇಳು — ಕಳಚಿತು. ಎಷ್ಟಾದ್ವು ಅವ್ವ, ಎಂದ ಮಸ್ತಾನಸಾಬ. ಹೇಳಿದರೆ ಅರ್ಧ ತಾಸಿನಲ್ಲಿ ಕೆಲಸ ಮುಗಿಯುತ್ತದೆ, ಒಂದು ಕಪ್ ಚಹಾ, ನೀವಿನ್ನು ಹೊಂಡ್ರಿ ಅನ್ನುತ್ತಾನೆ, ಆಮೇಲೆ ಕೀಲಿ, ಬಾಗಿಲು, ಒಂದೇ ಲೋಟ, ಸಂಜೆಯ ತನಕ ಕುಳಿತು ನೋಡುವುದಕ್ಕೆ ಆ ಗೋಡೆ, ತಪ್ಪು ಎಣಿಕೆ ಹೇಳಬಹುದೇ, ಛೆ, ಎಂಟು ಹೆಣ್ಣುಮಕ್ಕಳ ಜೀವ, ಕೊನೆಗೆ, ಲೆಕ್ಕಾ ತಪ್ಪಿತೋ ಮಸ್ತಾನಪ್ಪ, ಎಂದಳು.

ಮಾತಿಗೆ ಕುಂತ್ರ ಸಾವಿರದ ಕೆಳಗ ಇಳಿಯಂಗಿಲ್ಲ, ಇಪ್ಪತ್ತರ ತನಕ ಎಣಸಾಕ ಬರಲಿಲ್ಲೇನು ನಿಮಗ, ಎಂದು ಗೊಣಗುತ್ತ ಹೊರಗೆ ತೆವಳಿ ಬಂದ, ದಾರ ತಂದ, ಹಿಡೀರಿ ಇನ್ನ ಹೊತ್ತು ಮುಣಗೂ ತನಕ. ಅವಳು ಗಾಲಿಯ ಬದಿ ಕುಕ್ಕರಗಾಲಲ್ಲಿ ಕುಳಿತು ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಆ ಕಡೆಯಿಂದ ಅವನು ಜಗ್ಗಿದ, ಈ ಕಡೆಯಿಂದ ಇವಳು, ದಾರ ಬಿಗಿಯಾಯಿತು, ಬೆರಳು ಬಿಳಚಿತು, ಬಿಡಲಿಲ್ಲ, ಎಷ್ಟು ಕಾಲವಾಗಿತ್ತು ಆ ತುದಿಯಲ್ಲಿ ಯಾರಾದರೂ ಇದ್ದು, ದಾರ, ಬಿಗಿದ ದಾರ, ಇಲ್ಲದ ಸೂಗಪ್ಪನನ್ನು ಮನಸ್ಸಿನಲ್ಲೇ ಕೇಳಿದಳು, ಅಲ್ರಿ, ಕೆಳಗ ಮಲಗಿ ಮಲಗಿ ನನ್ನ ಎಣಿಕಿ ಕೇಳಿದವ್ರು ನೀವು, ಖರೇನ ತಪ್ಪಿತ್ತೋ, ತಪ್ಪಿಸಿದ್ನೋ, ನೀವ ಹೇಳ್ರಿ ನೋಡೂಣು —