ಅತ್ತೆಯ ರಾಗಿ ಡ್ರಮ್ಮು

ನಮ್ಮ ಅತ್ತೆ ಅಂಜಮ್ಮನವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನವೇ ನಾನು ಅಡುಗೆಮನೆಯಿಂದ ಸಕ್ಕರೆ, ಬೆಲ್ಲ, ಜೇನುತುಪ್ಪ ಎಲ್ಲವನ್ನೂ ಗಡೀಪಾರು ಮಾಡಿದ್ದೆ. ಹೊಸೂರಿನ ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ನಾನು. ಬೇರಿಕೆ ಊರಿನ ಪಕ್ಕದ ಈ ಮನೆಯಲ್ಲಿ ನನ್ನ ಮಾತಿಗೆ ಎದುರಾಡುವವರಿರಲಿಲ್ಲ. ಅತ್ತೆಯೂ ತುಟಿ ಪಿಟಕ್ಕೆನ್ನಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅವತ್ತು ಶ್ರಾವಣ ಶನಿವಾರ. ಪೂಜೆ ಮುಗಿಯುವವರೆಗೆ ಅತ್ತೆ ಏನೂ ತಿನ್ನುವುದಿಲ್ಲ. ಆದರೆ ಔಷಧಿಯಿಂದ ಉಪವಾಸ ಕೆಡುವುದಿಲ್ಲವೆಂದು, ನಾನು ಸ್ನಾನಕ್ಕೆ ಹೋದಾಗ ಇನ್ಸುಲಿನ್ ಸೂಜಿಯನ್ನು ಮಾತ್ರ ತಪ್ಪದೆ ಚುಚ್ಚಿಕೊಂಡಿದ್ದರು. ದೇವರ ಮುಂದೆ ಕೂತವರು ಹಾಗೇ ಗೋಡೆಗೆ ಒರಗಿದರು. ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು.

"ಅತ್ತಿಗೆ, ಶುಗರ್ ಏರ್ಬುಟ್ಟೈತೆ! ಇನ್ನೊಂದು ಸೂಜಿ ಹಾಕಾನಾ?" ಎಂದ ಮೈದುನ ಕುಮಾರೇಶ್.

"ಏರಿಲ್ಲ ಕಣೋ, ಖಾಲಿ ಹೊಟ್ಟೇಲಿ ಸೂಜಿ ಹಾಕ್ಕೊಂಡು ಇಳಿದೈತೆ! ಸೂಜಿ ಮುಟ್ಟಿದ್ರೆ ಕೈ ಮುರೀತೀನಿ. ಸಕ್ಕರೆ ತಾ!"

"ಸಕ್ಕರೆ ಎಲ್ಲೈತೆ? ನೀವೇ ಆಚೆ ಹಾಕ್ಸಿದ್ರಲ್ಲ!"

ಅವನು ಪಕ್ಕದ ಮುನಿಲಕ್ಷ್ಮಿ ಮನೆಗೆ ಓಡಿದ, ಬೀಗ ಹಾಕಿತ್ತು. ಅಷ್ಟರಲ್ಲಿ ಅತ್ತೆಯ ತುಟಿ ಅಲುಗಿತು, ಬೆರಳು ಮೂಲೆಯಲ್ಲಿದ್ದ ರಾಗಿ ತುಂಬಿದ ಡ್ರಮ್ಮಿನ ಕಡೆ ಎದ್ದಿತು. "ರಾಗಿ... ಡ್ರಮ್ಮು..."

"ಅಂಬಲಿ ಕೇಳ್ತಾವ್ಳೆ ಅವ್ವ," ಎಂದು ವಾಪಸ್ ಬಂದ ಕುಮಾರೇಶ್ ಒಲೆ ಹಚ್ಚಿದ.

ಅಂಬಲಿ ಕಾಯುವಷ್ಟು ಹೊತ್ತು ನಮಗಿರಲಿಲ್ಲ. ರಾಗಿಯಲ್ಲಿರುವುದೂ ಸಕ್ಕರೆಯೇ. ಆದರೆ ಅಲ್ಲಿ ಸಾವಿರಾರು ಗ್ಲೂಕೋಸ್ ಕಣಗಳು ಚೆಂಡುಹೂವಿನ ಹಾರದಂತೆ ಒಂದಕ್ಕೊಂದು ಪೋಣಿಸಿಕೊಂಡು ಪಿಷ್ಟವಾಗಿರುತ್ತವೆ. ಹೊಟ್ಟೆ ಆ ಹಾರವನ್ನು ಬಿಡಿಸಿ ಬಿಡಿಸಿ ರಕ್ತಕ್ಕೆ ಕೊಡಬೇಕು. ಮಿದುಳಿಗೆ ಬೇಕಾಗಿದ್ದದ್ದು ಬಿಡಿ ಹೂವು, ಅದೂ ಈಗಲೇ. ಇದನ್ನೆಲ್ಲ ಹಿಂದಿನ ದಿನವಷ್ಟೇ ತರಗತಿಯಲ್ಲಿ ಗತ್ತಿನಿಂದ ಹೇಳಿ ಬಂದಿದ್ದೆ. ಈಗ ಚಿಟಿಕೆ ಸಕ್ಕರೆಗೆ ಗತಿಯಿಲ್ಲದೆ ಅಳು ಬರುತ್ತಿತ್ತು.

ಅತ್ತೆಯ ಬೆರಳು ಮತ್ತೆ ಡ್ರಮ್ಮಿನ ಕಡೆಗೇ ಎದ್ದಿತು. ಏನಾದರಾಗಲಿ ಎಂದು ರಾಗಿಯೊಳಗೆ ಮೊಣಕೈವರೆಗೆ ಕೈ ತೂರಿಸಿದೆ. ಗಟ್ಟಿಯಾದದ್ದೇನೋ ಸಿಕ್ಕಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬೆಲ್ಲದ ಅಚ್ಚು!

ಒಂದು ತುಂಡನ್ನು ಜಜ್ಜಿ ನೀರಿಗೆ ಹಾಕಿ ಕದಡಿದೆ. ಪುಣ್ಯಕ್ಕೆ ಅತ್ತೆಗೆ ಇನ್ನೂ ನುಂಗಲು ಆಗುತ್ತಿತ್ತು. ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಬೆವರು ಆರಿತು, ಕೈ ನಡುಕ ನಿಂತಿತು. ಕಣ್ಣು ನನ್ನ ಮುಖದ ಮೇಲೆ ನೆಟ್ಟಿತು.

"ಪೂಜೆ ಆಗಿರ್ಲಿಲ್ವಲ್ಲೇ! ಉಪಾಸ ಕೆಡಿಸ್ಬುಟ್ಯಾ?"

ಬೈಗುಳ ಕೇಳಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ನಗುತ್ತಲೇ ಅತ್ತುಬಿಟ್ಟೆ. ಏರಿದ ಸಕ್ಕರೆ ಮತ್ತೆ ಕುಸಿಯದಿರಲು ನಿಧಾನವಾಗಿ ಕರಗುವ ಕುಮಾರೇಶನ ಅಂಬಲಿಯೇ ಈಗ ಬೇಕಿತ್ತು. ಅವರು ಲೋಟ ಬರಿದು ಮಾಡಿದ ಮೇಲೆ ಬೆಲ್ಲವನ್ನು ಮುಂದೆ ಹಿಡಿದೆ.

"ಇದು ಡ್ರಮ್ಮಿಗೆ ಹೆಂಗೆ ಬಂತು ಅತ್ತೆ?"

"ದೇವ್ರಿಗೆ ಅಂತ ಎತ್ತಿಟ್ಟಿದ್ದೆ ಕಣಮ್ಮಿ."

ಉಳಿದಿದ್ದ ತುಂಡಿನ ಮೂಲೆಯಲ್ಲಿ ಕಚ್ಚಿದ ಗುರುತಿತ್ತು, ನಡುವೆ ಎರಡು ಹಲ್ಲಿನ ಜಾಗ ಖಾಲಿ.

"ಹಂಗಾದ್ರೆ ದೇವ್ರಿಗೂ ಮುಂದಿನ ಎರಡು ಹಲ್ಲು ಬಿದ್ದೋಗವಾ?"

ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆ ಬೆಲ್ಲವನ್ನು ಗಾಜಿನ ಜಾಡಿಗೆ ಹಾಕಿ ಎಲ್ಲರಿಗೂ ಕಾಣುವ ಹಾಗೆ ದೇವರ ಗೂಡಿನ ಪಕ್ಕ ಇಟ್ಟೆ. ಮುಂದಿನ ಶನಿವಾರ ಅತ್ತೆ ಅಂಬಲಿ ಕುಡಿದೇ ಪೂಜೆಗೆ ಕೂತರು. ಜಾಡಿಯ ಕಡೆ ಒಮ್ಮೆ ನೋಡಿ ನಿಟ್ಟುಸಿರುಬಿಟ್ಟರು.

"ಹಿಂಗೆ ಎದುರಿಗೇ ಇಟ್ರೆ ತಿನ್ನಾಕೆ ಮನ್ಸೇ ಬರಲ್ಲ ಕಣೇ ಶಶಿಕಲಾ."